ಕಾಗೆ ಪಂಡಿತರ ವ್ಯಾಕರಣ

ಒಂದಾನೊಂದು ಊರು. ಎಲ್ಲಿತ್ತು, ಯಾವಾಗಿತ್ತು ಅಂತ ಕೇಳಬೇಡಿ. ಆ ಊರು ಕೆಟ್ಟದ್ದೇ ಪ್ರಶ್ನೆಯಿಂದ.

ಅಲ್ಲಿ ಡಂಗುರರಾಯ ಅಂತ ಒಬ್ಬ ರಾಜ. ಜಪಾನಿನ ಮೇಷ್ಟ್ರೊಬ್ಬರು ದಾರಿ ತಪ್ಪಿ ಅವನ ಅರಮನೆಗೆ ಬಂದರು. ಹೆಸರು ಒಕುಡಾ ಸಾನ್. ವಾರವೆಲ್ಲ ಉಂಡರು. ಉಂಡ ಮನೆಗೆ ಉಪಕಾರವಾಗಲಿ ಅಂತ ಎರಡು ಪಾಠ ಹೇಳಿಕೊಟ್ಟರು. ಮಾತಿನ ಕೊನೆಗೆ 'ದೆಸು' ಅಂದರೆ ಅದು ಮರ್ಯಾದೆಯ ಮಾತು. ಅದರ ಹಿಂದೆಯೇ 'ಕಾ' ಅಂದರೆ ಅದೇ ಮಾತು ಪ್ರಶ್ನೆ. ಅಷ್ಟರಲ್ಲಿ ಅವರಿಗೆ ದಾರಿ ಸಿಕ್ಕಿತು. ಮಂತ್ರಿಯ ಕೈಗೆ ತಮ್ಮ ಭಾಷೆಯ ಒಂದು ಪುಸ್ತಕ ಕೊಟ್ಟು ಹೊರಟುಹೋದರು.

ರಾಜ ಡಂಗುರ ಸಾರಿಸಿದ. ದೆಸು ಇಲ್ಲದೆ ಮಾತು ಮುಗಿಸಿದವರಿಗೆ ಗಲ್ಲು.

ಊರಾಚೆಯ ಕುಂಬಾರ ಬೋರಲಿಂಗನಿಗೆ ಇದು ತಿಳಿಯಲಿಲ್ಲ. ಅವನು ಒಂಬತ್ತು ದಿನ ಮಡಕೆ ಸುಡುವ ಬೆಂಕಿಯ ಮುಂದೆ ಕೂತಿದ್ದ. ಹತ್ತನೆಯ ದಿನ ಸಂತೆಗೆ ಬಂದ. ಕಾವಲಿನವರು ಇದೇನು ಅಂತ ಕೇಳಿದರು. ಇದು ಗಡಿಗೆ, ಅಂದ. ದೆಸು ಬರುತ್ತದೇನೋ ಅಂತ ಅವರು ಸ್ವಲ್ಪ ಹೊತ್ತು ಕಾದರು. ಬರಲಿಲ್ಲ. ಕಟ್ಟಿ ಒಯ್ದರು.

ಅವನ ಹೆಂಡತಿ ಪುಟ್ಟೀರಮ್ಮ ಅರಮನೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದಳು. ರಾಜ ಕೆಟ್ಟವನೇನಲ್ಲ. ಅವನಿಗೂ ಹೌದೆನಿಸಿತು.

"ಇವನು ನಿರಪರಾಧಿ ದೆಸು," ಅಂದ.

ಕಿಟಕಿಯ ಮೇಲೊಂದು ಕಾಗೆ ಕೂತಿತ್ತು. "ಕಾ," ಅಂದಿತು.

ಮಂತ್ರಿ ಪುಸ್ತಕ ತೆಗೆದು ನೋಡಿದ. ತೀರ್ಪು ಈಗ ಪ್ರಶ್ನೆಯಾಗಿದೆ ಅಂದ. ರಾಜ ಪ್ರಶ್ನೆಗೆ ಉತ್ತರ ಕೊಟ್ಟ: ನಿರಪರಾಧಿ ದೆಸು. ಕಾಗೆ ಮತ್ತೆ ಕಾ ಅಂದಿತು. ಸಂಜೆಯವರೆಗೂ ಇದೇ ನಡೆಯಿತು. ಕಾಗೆಯನ್ನು ಓಡಿಸುವ ಹಾಗಿರಲಿಲ್ಲ. ಒಕುಡಾ ಸಾನ್ ಬಿಟ್ಟರೆ ಅಷ್ಟು ಶುದ್ಧವಾಗಿ ಕಾ ಅಂದವರು ಊರಲ್ಲೇ ಇರಲಿಲ್ಲ. ರಾಜ ಅದಕ್ಕೆ ಶಾಲು ಹೊದಿಸಿ ಪಂಡಿತ ಪದವಿ ಕೊಟ್ಟ. ವಿಚಾರಣೆ ನಾಳೆಗೆ ಹೋಯಿತು.

ಪುಟ್ಟೀರಮ್ಮ ಕಾಗೆ ಕೂತಿದ್ದ ಹುಣಸೆ ಮರದ ಕೆಳಗೆ ನಿಂತು, ಪಂಡಿತರೇ, ನಾಳೆ ಒಂದು ದಿನ ಸುಮ್ಮನಿರಿ ಅಂತ ಬೇಡಿಕೊಂಡಳು.

"ಇದು ಹಸಿದ ಬಾಯಿ ತಾಯಿ," ಅಂದಿತು ಕಾಗೆ. "ತುಂಬಿಸು, ಮುಚ್ಚುತ್ತೆ."

ಬೆಳಗ್ಗೆ ಅವಳು ಮನೆಯಲ್ಲಿದ್ದ ಕಡೆಯ ಹಿಟ್ಟು ಹಾಕಿ ಗಟ್ಟಿಯಾಗಿ ಒಂದು ಮುದ್ದೆ ಕಟ್ಟಿದಳು. ಮುದ್ದೆಯನ್ನು ನುಂಗಬೇಕು, ಅಗಿಯಬಾರದು. ಪಂಡಿತರಾದವರು ಗಬಕ್ಕನೆ ನುಂಗಬಾರದು ಅಂತ ಕಾಗೆ ಅಗಿಯಿತು. ಕೊಕ್ಕು ಅಂಟಿಕೊಂಡಿತು. ಪುಟ್ಟೀರಮ್ಮ ಗೆದ್ದೆ ಅಂದುಕೊಂಡು ಬೀಸುಗಾಲು ಹಾಕುತ್ತ ಅರಮನೆಗೆ ನಡೆದಳು.

ಅಷ್ಟರೊಳಗೆ ಮಂತ್ರಿ ರಾಜನ ಕಿವಿಯಲ್ಲಿ ಒಂದು ಮಾತು ಹೇಳಿದ್ದ: ನಿಜವಾದ ಮಾತಾಗಿದ್ದರೆ ಪಂಡಿತರು ಅಷ್ಟು ಸಲ ಪ್ರಶ್ನಿಸುತ್ತಿದ್ದರೇ? ರಾಜನಿಗೆ ಅದೂ ಹೌದೆನಿಸಿತು.

"ಇವನು ಅಪರಾಧಿ ದೆಸು."

ಎಲ್ಲರೂ ಕಿಟಕಿಯ ಕಡೆ ತಿರುಗಿದರು. ಬೋರಲಿಂಗನೂ ತಿರುಗಿದ. ಕಾಗೆ ಕತ್ತು ಉದ್ದ ಮಾಡಿತು, ತಲೆ ಕೊಡವಿತು, ಕೊಕ್ಕನ್ನು ಕಲ್ಲಿಗೆ ತಿಕ್ಕಿತು. ಸದ್ದು ಹೊರಡಲಿಲ್ಲ.

"ಕಾ," ಅಂದಳು ಪುಟ್ಟೀರಮ್ಮ. ಕಾ, ಕಾ, ಅಂತ ಗಂಟಲು ಒಡೆಯುವವರೆಗೂ ಕೂಗಿದಳು. ಕೊನೆಕೊನೆಗೆ ಅದು ಕಾಗೆಯ ದನಿಯಂತೆಯೇ ಇತ್ತು. ಕಾ ಅನ್ನುವ ಅಧಿಕಾರ ಪಂಡಿತರಿಗೆ ಮಾತ್ರ ಅಂತ ಮಂತ್ರಿ ಬಹಳ ವಿನಯದಿಂದ ತಿಳಿಸಿದ.

"ಮನೆಗೆ ಹೋಗು, ಪುಟ್ಟೀ," ಅಂದ ಬೋರಲಿಂಗ. ಕಾವಲಿನವರು ಅವನನ್ನೇ ನೋಡುತ್ತಿದ್ದರು. "ದೆಸು," ಅಂತ ಸೇರಿಸಿದ.

ಮಧ್ಯಾಹ್ನಕ್ಕೆ ಮುಂಚೆ ಅವನನ್ನು ಗಲ್ಲಿಗೆ ಹಾಕಿದರು.

ರಾಜ ಸಿಂಹಾಸನದಿಂದ ಇಳಿದು ಬಂದ. ಒಕುಡಾ ಸಾನ್ ಹೊರಡುವಾಗ ಮಾಡಿದ ಹಾಗೆಯೇ ಪುಟ್ಟೀರಮ್ಮನ ಮುಂದೆ ಸೊಂಟ ಬಗ್ಗಿಸಿ, "ಸುಮಿಮಾಸೆನ್," ಅಂದ.

ಹಾಗಂದರೆ ಏನು ಅಂತ ಅವಳು ಮಂತ್ರಿಯನ್ನು ಕೇಳಿದಳು. ಮಂತ್ರಿ ಪುಸ್ತಕ ತೆಗೆದ. ಮೂರು ಅರ್ಥ ಇತ್ತು. ನನ್ನಿಂದ ತಪ್ಪಾಯಿತು. ನಿಮ್ಮಿಂದ ಉಪಕಾರವಾಯಿತು. ಸ್ವಲ್ಪ ದಾರಿ ಬಿಡಿ.

"ಇದರಲ್ಲಿ ಯಾವುದು ಸ್ವಾಮಿ, ದೆಸು?"

ಮಂತ್ರಿ ರಾಜನ ಮುಖ ನೋಡಿದ. ರಾಜನಿಗೆ ಊಟದ ಹೊತ್ತಾಗಿತ್ತು. ಅವಳು ಬಾಗಿಲಿಗೆ ಅಡ್ಡ ನಿಂತಿದ್ದಳು.

ಪಕ್ಕಕ್ಕೆ ಸರಿದಳು.

ಕತೆಯೂ ಅಲ್ಲಿಗೇ ಸರಿಯಿತು. ನೀತಿ ಬೇಕೆಂದವರು ಕೇಳಿಕೊಳ್ಳಿ: ಭಾಷೆ ಕಲಿತರೆ ಪೂರ್ತಿ ಕಲಿಯಬೇಕು. ಅರ್ಧ ಕಲಿತರೆ ಯಾರೋ ಸಾಯುತ್ತಾರೆ. ಪೂರ್ತಿ ಕಲಿತರೂ ಸಾಯುತ್ತಾರೆ, ಆದರೆ ಬಗ್ಗಿ ಒಂದು ಮಾತು ಹೇಳುವುದಕ್ಕೆ ಬರುತ್ತದೆ.