ಮಗುಚದ ಹಾಳೆ

ಶಿಷ್ಯ ಕೇಳಿದ: "ಗುರುಗಳೇ, ಒಬ್ಬನಲ್ಲಿ ಒಂದು ಕೊರತೆ ಇದೆ. ಅದನ್ನು ತನ್ನ ಹತ್ತಿರದವರಿಗೆ ತಿಳಿಯದಂತೆ ಮುಚ್ಚಿಟ್ಟುಕೊಂಡಿದ್ದಾನೆ. ಅದರಿಂದ ಯಾರಿಗೂ ಕೇಡಿಲ್ಲ. ಹಾಗಿದ್ದರೂ ಅದು ತಪ್ಪೇ?"

"ಯಾರಲ್ಲಿ?" ಎಂದರು ಗುರುಗಳು.

ಮಠದ ಪದ್ಧತಿಯಂತೆ ಶಿಷ್ಯ ಜಗಲಿಯ ಮೇಲೆ ಅವರ ಎಡಕ್ಕೆ ಕೂತಿದ್ದ. ಅವನು ಉತ್ತರ ಕೊಡಲಿಲ್ಲ. ಗುರುಗಳು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಕೇಳಿದರು.

"ಯಾರಲ್ಲಾದರೂ ಇಟ್ಟುಕೊಳ್ಳಿ. ಸುಮ್ಮನೆ ಕೇಳಿದೆ" ಎಂದ ಶಿಷ್ಯ.

ಗುರುಗಳು ಮೊಣಕಾಲು ಹಿಡಿದುಕೊಂಡು ಎದ್ದರು. ಶಿಷ್ಯನನ್ನು ಬಳಸಿ ಜಗಲಿಯ ಆ ತುದಿಗೆ ಹೋಗಿ, ಅವನ ಎಡಗಡೆ ನಿಧಾನವಾಗಿ ಕೂತರು. ಆಮೇಲೆ ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಗಾಣಿಗನಿದ್ದ. ಎತ್ತಿನ ಹಿಂದೆ ಗಾಣದ ಸುತ್ತ ನಡೆಯುವುದು ಅವನ ಕಸುಬು. ವರ್ಷಗಟ್ಟಲೆ ನಡೆದಿದ್ದ, ಆದರೆ ಪಕ್ಕದ ಊರು ದಾಟಿ ಹೋದವನಲ್ಲ. ಒಳ್ಳೆಯ ಎಣ್ಣೆ ಕೊಡುತ್ತಿದ್ದ, ಮಾತು ನೆಟ್ಟಗಿತ್ತು, ಊರಿನಲ್ಲಿ ಮರ್ಯಾದೆ ಇತ್ತು. ಅವನಿಗೆ ಓದು ಬರುತ್ತಿರಲಿಲ್ಲ. ಆ ಊರಿನ ಅರ್ಧ ಜನಕ್ಕೆ ಬರುತ್ತಿರಲಿಲ್ಲ, ಅದರಲ್ಲೇನೂ ವಿಶೇಷವಿಲ್ಲ. ವಿಶೇಷವೆಂದರೆ, ಓದು ಬರುತ್ತದೆಂದು ಹೇಳಿ ಅವನು ಮದುವೆಯಾಗಿದ್ದ.

ಅವನ ಹೆಂಡತಿ ಒಬ್ಬ ಶಾಲೆಯ ಮೇಷ್ಟರ ಮಗಳು. ಅಕ್ಷರ ಬಾರದವನಿಗೆ ಹೆಣ್ಣು ಕೊಡುವುದಿಲ್ಲ ಎಂದು ಮೇಷ್ಟರು ಹಟ ಹಿಡಿದಿದ್ದರು. ಗಾಣಿಗ ಆ ಹುಡುಗಿಯನ್ನು ಒಂದು ಮದುವೆಮನೆಯಲ್ಲಿ ನೋಡಿದ್ದ. ನೋಡಿದ ಮೇಲೆ ಬೇರೆ ಹೆಣ್ಣಿನ ಮಾತೆತ್ತಿದರೆ ಊಟ ಬಿಟ್ಟು ಏಳುತ್ತಿದ್ದ. ಕೊನೆಗೆ ಅವನ ಸೋದರಮಾವ ಒಂದು ಉಪಾಯ ಹುಡುಕಿದ. ಪುರಾಣದ ಪುಸ್ತಕವೊಂದನ್ನು ತಂದು, ಅದರ ಒಂದು ಪುಟವನ್ನೂ ಮುಂದಿನ ಪುಟದಲ್ಲಿ ಒಂದಿಷ್ಟನ್ನೂ ಯಾರಿಂದಲೋ ಓದಿಸಿ ಓದಿಸಿ ಇವನಿಗೆ ಬಾಯಿಪಾಠ ಮಾಡಿಸಿದ. ಹೆಣ್ಣು ನೋಡಲು ಹೋದ ದಿನ ಮಾವನೇ ಆ ಪುಟ ತೆರೆದು ಇವನ ಕೈಗಿಟ್ಟ. ಇವನು ಗಟ್ಟಿಯಾಗಿ ಓದಿದ. ಮೇಷ್ಟರು ಕಣ್ಣು ಮುಚ್ಚಿ ತಲೆದೂಗಿದರು. ಸಂಬಂಧ ಕುದುರಿತು.

ಮದುವೆಯೇನೋ ಆಯಿತು, ಪೀಕಲಾಟವೂ ಅಂದೇ ಶುರುವಾಯಿತು. ತವರಿನಿಂದ ಕಾಗದ ಬಂದಾಗ ಇವನು ಅದನ್ನು ಬಿಡಿಸಿ ಹಿಡಿದು ತನಗೆ ತೋಚಿದ್ದನ್ನು ಓದುತ್ತಿದ್ದ. ಎಲ್ಲರೂ ಕ್ಷೇಮ, ಮಗಳೇ ನಿನ್ನನ್ನು ದಿನವೂ ನೆನೆಯುತ್ತೇವೆ, ನೀನು ನೆಟ್ಟ ಮಲ್ಲಿಗೆ ಹೂ ಬಿಟ್ಟಿದೆ ಎನ್ನುತ್ತಿದ್ದ. ಅವಳು ಒಲೆಯ ಮುಂದೆ ಕೂತು ಕೇಳುತ್ತಿದ್ದಳು. ಒಂದು ಸಲ ಹಾಗೆ ಎಲ್ಲರೂ ಕ್ಷೇಮ ಎಂದು ಓದಿದ ಮರುದಿನವೇ, ಅಮ್ಮನಿಗೆ ಮೈಯಲ್ಲಿ ಹುಷಾರಿಲ್ಲವೆಂದು ಕನಸು ಬಿತ್ತು ಎಂದು ಅವಳು ತವರಿಗೆ ಹೊರಟಳು. ಹೋಗಿ ನೋಡಿದರೆ ತಾಯಿ ನಿಜವಾಗಿಯೂ ಹಾಸಿಗೆ ಹಿಡಿದಿದ್ದಳು. ಅಂದಿನಿಂದ ಗಾಣಿಗ, ನನ್ನ ಹೆಂಡತಿಗೆ ಬಿದ್ದ ಕನಸು ಸುಳ್ಳಾಗುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ನೀನು ನಗಬೇಡ. ಕೊರತೆ ಮುಚ್ಚಿಟ್ಟುಕೊಂಡವನಿಗೆ ಎದುರಿಗಿರುವವರ ಮುಖ ನೋಡಲು ಪುರಸೊತ್ತು ಇರುವುದಿಲ್ಲ.

ಹೀಗೆ ಇಪ್ಪತ್ತು ವರ್ಷ ಕಳೆಯಿತು. ಅವನಿಗಿದ್ದ ಹೆದರಿಕೆ ಒಂದೇ. ಗೊತ್ತಾದ ದಿನ, ಈ ಮನುಷ್ಯ ಮೋಸ ಮಾಡಿ ನನ್ನನ್ನು ಮನೆಗೆ ತಂದ ಎಂದು ಅವಳು ಒಂದು ಸಲ ತನ್ನ ಕಡೆ ನೋಡಿಬಿಟ್ಟರೆ, ಆಮೇಲೆ ಆ ಮನೆಯಲ್ಲಿ ತಾನು ಇರುವುದು ಹೇಗೆ?

ಇಪ್ಪತ್ತನೆಯ ವರ್ಷ ಅವಳು ಒಂದು ಆಸೆ ಹೇಳಿದಳು. "ನಾವಿಬ್ರೇ ಒಂದಿನ ನಗರಕ್ಕೆ ಹೋಗಿ ಬರೋಣ. ಅಲ್ಲಿ ಕೆರೆ ಪಕ್ಕ ತೋಟ ಇದೆಯಂತೆ, ಅಲ್ಲಿ ಸುಮ್ನೆ ಕೂತ್ಕೋಬೇಕು. ಒಂದೇ ಒಂದು ಹೊತ್ತು ಬೇರೆ ಯಾರಾದ್ರೂ ಬಡಿಸ್ಬೇಕು, ನಾನು ಕೂತು ಉಣ್ಬೇಕು. ಸಂಜೆ ಬಸ್ಸಿಗೆ ವಾಪಸ್ ಬಂದ್ಬಿಡೋಣ."

"ಅದಕ್ಕೇನಂತೆ" ಎಂದ ಗಾಣಿಗ.

ಒಬ್ಬನೇ ಹೋಗುವುದಾಗಿದ್ದರೆ ಅವನಿಗೆ ಚಿಂತೆಯೇ ಇರಲಿಲ್ಲ. ಕಂಡಕಂಡವರನ್ನು ಕೇಳಿಕೊಂಡು ಹೋಗಿ ಬರುತ್ತಿದ್ದ. ಓದು ಬಲ್ಲ ಗಂಡ, ಬೋರ್ಡು ಕಣ್ಣೆದುರಿಗೇ ಇರುವಾಗ, ಈ ಬಸ್ಸು ಎಲ್ಲಿಗಪ್ಪಾ ಎಂದು ಕೇಳುವುದು ಹೇಗೆ? ಲೋಕದಲ್ಲಿ ಯಾರ ಮುಂದೆ ಬೇಕಾದರೂ ಕೇಳಬಹುದಿತ್ತು. ತನ್ನ ಕೈಹಿಡಿದವಳೊಬ್ಬಳ ಮುಂದೆ ಕೇಳುವಂತಿರಲಿಲ್ಲ.

ಅವನು ಒಂದು ತಿಂಗಳ ಗಡುವು ಕೇಳಿದ. ಆ ತಿಂಗಳು ನಗರ ಕಂಡವರು ಯಾರೇ ಎಣ್ಣೆಗೆ ಬಂದರೂ ಬೇಗ ಬಿಡುತ್ತಿರಲಿಲ್ಲ. ಬಟ್ಟೆ ಮಾರುವವನನ್ನು ಕೇಳಿದ, ಅಂಚೆಯವನನ್ನು ಕೇಳಿದ, ನಗರದಲ್ಲಿ ಹಲ್ಲು ಕೀಳಿಸಿಕೊಂಡು ಬಂದಿದ್ದ ಮುದುಕಿಯನ್ನೂ ಬಿಡಲಿಲ್ಲ. ಬಸ್ಸು ನೀರಿನ ಟ್ಯಾಂಕಿನ ಹತ್ತಿರ ಇಳಿಸುತ್ತದೆ. ಟ್ಯಾಂಕನ್ನು ಬಲಕ್ಕೆ ಬಿಟ್ಟು ಮೂರು ಬೀದಿ ದಾಟಬೇಕು. ದೊಡ್ಡ ಕನ್ನಡಿ ಇರುವ ಕ್ಷೌರದಂಗಡಿಯ ಪಕ್ಕದಲ್ಲೇ ಖಾನಾವಳಿ. ಅದರ ಎದುರಿನ ಓಣಿ ತೋಟಕ್ಕೆ ಹೋಗುತ್ತದೆ. ವಾಪಸ್ ಬರುವ ಬಸ್ಸು ಬೇರೆ ಕಡೆ, ಸಂತೆ ಮೈದಾನದ ಮೂರನೆಯ ಬೇವಿನ ಮರದ ಕೆಳಗೆ ನಿಲ್ಲುತ್ತದೆ, ಹೊತ್ತು ಮುಳುಗುವಾಗ ಹೊರಡುತ್ತದೆ. ಇದನ್ನೆಲ್ಲ ಅವನು ಹಿಂದೆ ಆ ಪುಟ ಕಲಿತ ಹಾಗೆಯೇ ಕಲಿತ. ಎತ್ತಿನ ಹಿಂದೆ ಒಂದು ಸುತ್ತಿಗೆ ಟ್ಯಾಂಕು, ಇನ್ನೊಂದು ಸುತ್ತಿಗೆ ಕನ್ನಡಿ, ಮತ್ತೊಂದಕ್ಕೆ ಓಣಿ. ತಿಂಗಳು ಮುಗಿಯುವುದರೊಳಗೆ ಗಾಣ ಬಿಟ್ಟು ಕದಲದೆ ನೂರಾರು ಸಲ ನಗರ ಸುತ್ತಿ ಬಂದಿದ್ದ. ಹೆಂಡತಿ ದಾರಿಯ ವಿಷಯ ಕೇಳಿದರೆ, "ಬೋರ್ಡು ಓದ್ಕೊಂಡು ಹೋದ್ರಾಯ್ತು" ಎನ್ನುತ್ತಿದ್ದ.

ಹೊರಟ ದಿನ ಎತ್ತಿಗೆ ನೀರು ತೋರಿಸಲು ನೆರೆಯವರಿಗೆ ಹೇಳಿ ಇಬ್ಬರೂ ಬೆಳಗಿನ ಬಸ್ಸು ಹತ್ತಿದರು. ಎಲ್ಲವೂ ಅಂದುಕೊಂಡ ಹಾಗೇ ನಡೆಯಿತು. ಟ್ಯಾಂಕು ಇತ್ತು, ಕನ್ನಡಿ ಇತ್ತು. ಬೀದಿಬೀದಿಗೂ ಗಾಣಿಗ ಬೋರ್ಡಿನ ಮುಂದೆ ಒಂದು ಗಳಿಗೆ ನಿಂತು, ಓದುವವರಂತೆ ತುಟಿ ಅಲ್ಲಾಡಿಸಿ, ಮುಂದೆ ಹೆಜ್ಜೆ ಹಾಕುತ್ತಿದ್ದ. ಹೆಂಡತಿಯೂ ಜೊತೆಗೆ ನಿಂತು ಜೊತೆಗೆ ಹೊರಡುತ್ತಿದ್ದಳು.

ಖಾನಾವಳಿಯಲ್ಲಿ ಮಾತ್ರ ಒಂದು ಎಡವಟ್ಟಾಯಿತು. ಏನು ಕೊಡಲಿ ಎಂದು ಬಡಿಸುವವನು ಗೋಡೆಯ ಮೇಲಿನ ಹಲಗೆ ತೋರಿಸಿದ. ಗಾಣಿಗ ಹಲಗೆಯನ್ನು ಮೇಲಿನಿಂದ ಕೆಳಗೆ ನೋಡಿ, "ಅದೇ, ಮೊದಲ್ನೇದೇ ಕೊಡಪ್ಪ, ಇಬ್ಬರಿಗೂ" ಎಂದ.

"ಮೊದಲ್ನೇದು ಕೈ ತೊಳ್ಕೊಂಡು ಒಳಗೆ ಬನ್ನಿ ಅಂತ ಬರ್ದಿರೋದು ಸ್ವಾಮಿ" ಎಂದ ಅವನು.

ಗಾಣಿಗ ಮತ್ತೆ ಹಲಗೆಯ ಕಡೆ ತಲೆಯೆತ್ತಿದ. ಅಷ್ಟರಲ್ಲಿ ಹೆಂಡತಿ ನಕ್ಕುಬಿಟ್ಟಳು. "ಅವರು ಹಾಗೇ ತಮಾಷೆ ಮಾಡ್ತಾರೆ. ಎರಡು ಊಟ ತನ್ನಿ." ಬಡಿಸುವವನೂ ನಕ್ಕು ಒಳಗೆ ಹೋದ. ಸದ್ಯ, ತಮಾಷೆ ಎಂದುಕೊಂಡಳಲ್ಲ ಎಂದು ಗಾಣಿಗ ಉಸಿರು ಬಿಟ್ಟ. ಅವಳು ಎರಡೆರಡು ಸಲ ಸಾರು ಹಾಕಿಸಿಕೊಂಡು ಸಂತೋಷವಾಗಿ ಉಂಡಳು. ಇವನು ಎಲೆಯಲ್ಲಿ ಅರ್ಧ ಅನ್ನ ಬಿಟ್ಟು ಎದ್ದ.

ತೋಟದಲ್ಲಿ ಕೆರೆಯ ಕಡೆ ಮುಖ ಮಾಡಿ ಕೂತರು. ನೀರಿನಲ್ಲಿ ಒಂಟಿಕಾಲಿನ ಮೇಲೆ ನಿಂತಿದ್ದ ಕೊಕ್ಕರೆಯನ್ನು ಅವಳು ತೋರಿಸಿದಳು. ಇವನು ಹೂಂ ಎಂದ, ನೋಡಲಿಲ್ಲ. ಮೈದಾನ, ಬೇವಿನ ಮರ, ಒಂದು, ಎರಡು, ಮೂರು ಎಂದು ಒಳಗೇ ಪಾಠ ಒಪ್ಪಿಸಿಕೊಳ್ಳುತ್ತಿದ್ದ.

ಸಂಜೆ ಮೈದಾನಕ್ಕೆ ಬಂದರೆ ಅಲ್ಲಿ ಒಂದು ಬೇವಿನ ಮರವೂ ಇಲ್ಲ. ಮೈದಾನ ದೊಡ್ಡದು ಮಾಡಲೆಂದು ಆ ವಾರವೇ ಮರಗಳನ್ನು ಕಡಿದು, ಬುಡ ಸಹಿತ ಕಿತ್ತು, ನೆಲ ಸಮ ಮಾಡಿದ್ದರು. ಹತ್ತು ಹನ್ನೆರಡು ಬಸ್ಸುಗಳು ಸಾಲಾಗಿ ನಿಂತಿದ್ದವು. ಎಲ್ಲಕ್ಕೂ ಒಂದೇ ಬಣ್ಣ, ಎಲ್ಲದರ ಹಣೆಯ ಮೇಲೂ ಒಂದೊಂದು ಬೋರ್ಡು. ಕಂಡಕ್ಟರುಗಳ ಕೂಗೆಲ್ಲ ಕಲಸಿಹೋಗಿ ಒಂದು ಹೆಸರೂ ತಿಳಿಯುತ್ತಿರಲಿಲ್ಲ. ಪಕ್ಕಕ್ಕೆ ಹೋಗಿ ಯಾರನ್ನಾದರೂ ಮೆಲ್ಲಗೆ ಕೇಳೋಣವೆಂದರೆ, ಆ ನೂಕುನುಗ್ಗಲಿನಲ್ಲಿ ಹೆಂಡತಿ ಅವನ ಶಲ್ಯದ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಅವನು ಮೊದಲ ಬಸ್ಸಿನ ಮುಂದೆ ನಿಂತು ತುಟಿ ಅಲ್ಲಾಡಿಸಿದ. ಎರಡನೆಯದರ ಮುಂದೆ ನಿಂತ. ಸಾಲಿನ ಅರ್ಧಕ್ಕೆ ಬರುವಷ್ಟರಲ್ಲಿ ಸೂರ್ಯ ಕೆಂಪಾಗಿದ್ದ. ಐದನೆಯ ಬಸ್ಸು ಗುರ್ ಎಂದು ಸದ್ದು ಮಾಡಿತು. ಇದೇ ಇರಬೇಕು, ಇದೇ ಆಗಲಿ ದೇವರೇ ಎಂದುಕೊಂಡು ಅವನು ಮೆಟ್ಟಿಲ ಮೇಲೆ ಕಾಲಿಟ್ಟ. ಶಲ್ಯ ಹಿಡಿದು ಹೆಂಡತಿಯೂ ಹಿಂದೆಯೇ ಕಾಲೆತ್ತಿದಳು. ಎಲ್ಲಿಗೆ ಎಂದು ಕೇಳಲಿಲ್ಲ.

ಅವಳು ಕೇಳದಿದ್ದದ್ದು ಅವನನ್ನು ತಡೆಯಿತು. ಈ ಬಸ್ಸು ಬೇರೆ ದಿಕ್ಕಿಗೆ ಹೋದರೆ? ಗುರುತು ಪರಿಚಯವಿಲ್ಲದ ಊರಿನಲ್ಲಿ, ಕತ್ತಲಲ್ಲಿ, ಇವಳನ್ನು ಎಲ್ಲಿ ನಿಲ್ಲಿಸಲಿ? ಇಪ್ಪತ್ತು ವರ್ಷ ಅವನು ತನಗಾಗಿ ಹೆದರಿದ್ದ. ಈಗ ಅವಳಿಗಾಗಿ ಹೆದರಿದ. ಮೆಟ್ಟಿಲಿಂದ ಕೆಳಗಿಳಿದ. ಅವಳ ಮುಖ ನೋಡಲಾರದೆ ನೆಲ ನೋಡುತ್ತ ಹೇಳಿದ: "ನಂಗೆ ಓದಕ್ಕೆ ಬರಲ್ಲ ಕಣೇ."

"ಗೊತ್ತು" ಎಂದಳು ಅವಳು. "ಬೇಗ ಬನ್ನಿ, ಆ ಕಡೆ ಕೊನೇದು ನಮ್ಮ ಬಸ್ಸು, ಹೊರಟುಬಿಡತ್ತೆ." ಶಲ್ಯ ಹಿಡಿದು ಅವಳೇ ಅವನನ್ನು ಎಳೆದುಕೊಂಡು ಹೋಗಿ ಹತ್ತಿಸಿದಳು.

ಸೀಟಿನಲ್ಲಿ ಕೂತ ಮೇಲೆ ಗಾಣಿಗ ಕೇಳಿದ. "ಯಾವಾಗಿಂದ ಗೊತ್ತು?"

"ನನ್ನ ನೋಡಕ್ಕೆ ಬಂದಿರಲ್ಲ, ಅವತ್ತಿಂದ. ನಾನು ಬಾಗಿಲ ಸಂದೀಲಿ ನೋಡ್ತಿದ್ದೆ. ಆ ಪುಸ್ತಕ ನಮ್ಮನೇಲೂ ಇತ್ತು. ಪುಟ ಮುಗಿದು ಹೋಗಿತ್ತು, ನೀವು ಓದ್ತಾನೇ ಇದ್ರಿ. ಹಾಳೆ ಮಗುಚ್ಲೇ ಇಲ್ಲ. ಅಪ್ಪ ಕಣ್ಮುಚ್ಚಿಕೊಂಡಿದ್ರು, ಬಚಾವಾದ್ರಿ."

"ನಿಂಗೆ ಓದು ಬರತ್ತಾ?"

"ಮೇಷ್ಟರ ಮನೇಲಿ ಬಾಗಿಲ ಹಿಂದೆ ನಿಂತ್ಕೊಂಡೇ ಕಲ್ತೆ. ಯಾರಿಗೂ ಹೇಳ್ಬೇಡ ಅಂದಿದ್ಲು ಅಮ್ಮ."

"ಮತ್ತೆ ಆ ಕನಸು?"

"ಕನಸೆಲ್ಲ ಕಾಗದದಲ್ಲೇ ಬರ್ದಿತ್ತು."

ಗಾಣಿಗ ಅವಳ ಕಡೆ ತಿರುಗಿ ಕೂತ. ಕೊನೆಗೆ, ಕೇಳಲು ಹೆದರುತ್ತಿದ್ದುದನ್ನೇ ಕೇಳಿದ. "ಗೊತ್ತಿದ್ದೂ ಯಾಕೆ ಒಪ್ಕೊಂಡೆ?"

"ನನಗೋಸ್ಕರ ಒಂದು ಪುಟದ ಮೇಲೆ ಇನ್ನೂ ಅಷ್ಟು ಬಾಯಿಪಾಠ ಮಾಡ್ಕೊಂಡು ಬಂದಿದ್ರಲ್ಲ, ಇಷ್ಟು ಒದ್ದಾಡೋರು ಇನ್ಯಾರು ಸಿಗ್ತಾರೆ ಅನ್ನಿಸ್ತು. ಆಮೇಲೆ ಕಾಗದ ಬೇರೆ. ಅಪ್ಪ ಯಾವತ್ತೂ ಅಷ್ಟು ಅಕ್ಕರೆಯಿಂದ ಬರ್ದೋರಲ್ಲ. ನೀವು ಓದಿದ್ದೇ ಚೆನ್ನಾಗಿರ್ತಿತ್ತು. ನೀವೇ ಒಂದಿನ ಹೇಳ್ತೀರ ಅಂತ ಕಾದೆ. ಆದ್ರೆ ಒಲೆ ಬೆಳಕಲ್ಲಿ ಕಾಗದ ಕದ್ದು ಓದಿ ಓದಿ ನಂಗೂ ಸಾಕಾಗಿತ್ತು ನೋಡಿ."

ಗಾಣಿಗನಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಶಲ್ಯದಿಂದ ಮುಖ ಒರೆಸಿಕೊಂಡ. ಇಪ್ಪತ್ತು ವರ್ಷದಿಂದ ಹೊತ್ತಿದ್ದ ಗಾಣದ ಒನಕೆಯನ್ನು ಯಾರೋ ಹೆಗಲಿಂದ ಇಳಿಸಿದಷ್ಟು ಹಗುರವಾಯಿತು. ಹೊಟ್ಟೆ ಚುರುಗುಟ್ಟಿತು. ಮಧ್ಯಾಹ್ನ ಸರಿಯಾಗಿ ಉಣ್ಣಲಿಲ್ಲವೆಂದು ಆಗ ನೆನಪಾಯಿತು.

ಬಸ್ಸು ನಗರದ ನಡುವೆ ನಿಧಾನವಾಗಿ ಹೋಗುತ್ತಿತ್ತು. ಹೆಂಡತಿ ಕಿಟಕಿಯ ಹತ್ತಿರ ಕೂತು, ಮದುವೆಯಾದಂದಿನಿಂದ ಮೊದಲ ಬಾರಿಗೆ, ಬಾಯಿಬಿಟ್ಟು ಓದತೊಡಗಿದಳು. ಇದು ಕೊಡೆ ರಿಪೇರಿಯಂತೆ. ಇದು ಹಲ್ಲಿನ ಡಾಕ್ಟರಂತೆ. ಇಲ್ಲಿ ಮೂತ್ರ ಮಾಡಬಾರದಂತೆ, ಅದರ ಕೆಳಗೇ ಒಬ್ಬ ನಿಂತಿದ್ದಾನೆ ನೋಡಿ. ಗಾಣಿಗ ಅವಳ ಭುಜದ ಮೇಲಿಂದ ಬಗ್ಗಿ ನೋಡಿ ನೋಡಿ ನಕ್ಕ. ಬೆಳಗಿನಿಂದ ಅವನು ಬರೀ ಗುರುತುಗಳನ್ನು ನೋಡಿದ್ದ, ನಗರ ಕಂಡದ್ದು ಈಗ. ಕೆರೆಯ ಏರಿಯ ಮೇಲೆ ಹೋಗುವಾಗ ಆ ಕೊಕ್ಕರೆ ಎಲ್ಲಿ ಎಂದು ತಾನಾಗಿಯೇ ಕೇಳಿದ. ಅದು ಅಲ್ಲೇ ಇತ್ತು, ಅವಳು ಇನ್ನೊಂದು ಸಲ ತೋರಿಸಿದಳು.

ಗುರುಗಳು ಕತೆ ನಿಲ್ಲಿಸಿ ಮೊಣಕಾಲು ನೀವಿಕೊಂಡರು.

ಶಿಷ್ಯ ಕೇಳಿದ: "ಗುರುಗಳೇ, ಅವಳಾದರೂ ಮೊದಲೇ ಹೇಳಬಹುದಿತ್ತಲ್ಲವೇ?"

"ಹೇಳಬಹುದಿತ್ತು" ಎಂದರು ಗುರುಗಳು. "ನಿನ್ನ ಬಲಗಿವಿ ಕೇಳುವುದಿಲ್ಲ, ಅದಕ್ಕೇ ಈ ಕಾಲು ಎಳೆದುಕೊಂಡು ದಿನವೂ ನಿನ್ನ ಎಡಕ್ಕೆ ಬಂದು ಕೂರುತ್ತಿದ್ದೇನೆ ಎಂದು ಮೂರು ವರ್ಷದಿಂದ ನಾನೂ ಹೇಳಬಹುದಿತ್ತು."