ನಿಲ್ಲಿಸಿದ ಕೈ

ಒಂದು ಸಣ್ಣ ಪೇಟೆಯಲ್ಲಿ ಪುಟ್ಟಮಾದ ಎಂಬ ಯುವಕನಿದ್ದ. ಅವನಿಗೆ ಡಿಜೆ ಆಗಬೇಕೆಂಬ ಹುಚ್ಚು. ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಒಂದು ಹಾಡಿನ ಬಾಲಕ್ಕೆ ಇನ್ನೊಂದು ಹಾಡಿನ ತಲೆ ಅಂಟಿಸುವುದನ್ನು ತಾನೇ ಕಲಿತ. ಬಾಗಿಲು ಹಾಕಿದ ಕೋಣೆಯಲ್ಲಿ ಎಲ್ಲ ಹಾಡುಗಳೂ ಅವನ ಮಾತು ಕೇಳುತ್ತಿದ್ದವು. ಬಾಗಿಲು ಹಾಕಿದ ಕೋಣೆಯಲ್ಲಿ ಯಾರು ತಾನೇ ಸೋಲುತ್ತಾರೆ?

ಆ ವರ್ಷ ಅವನ ಬೀದಿಯವರು ಗಣಪತಿ ಬಿಡುವ ದಿನದ ಡಿಜೆ ಕೆಲಸವನ್ನು ಅವನಿಗೇ ಕೊಟ್ಟರು.

ಆ ಪೇಟೆಯ ಮೆರವಣಿಗೆಗೆ ಒಂದು ಕ್ರಮವಿತ್ತು. ಮುಂದೆ ಸ್ಪೀಕರ್ ಬಾಕ್ಸ್ ಹೇರಿದ ಗಾಡಿ. ಅದರ ಹಿಂದೆ ಕುಣಿಯುವವರು. ಕುಣಿಯುವವರ ಬೆನ್ನ ಹಿಂದೆ ಗಣಪತಿಯ ಟ್ರ್ಯಾಕ್ಟರ್. ಡಿಜೆ ಮುಂದಿನ ಗಾಡಿಯ ಮೇಲೆ ಹಿಂದಕ್ಕೆ ಮುಖ ಮಾಡಿ ನಿಲ್ಲುತ್ತಾನೆ. ಟ್ರ್ಯಾಕ್ಟರ್ ಓಡಿಸುವವನಿಗೆ ಬಾಳೆಕಂದು, ಹೂವಿನ ಹಾರಗಳ ಸಂದಿಯಲ್ಲಿ ಜನರ ತಲೆ ಕಾಣುತ್ತದೆ, ಕಾಲು ಕಾಣುವುದಿಲ್ಲ. ಯಾರಾದರೂ ಕೂಗಿದರೆ ಆ ಸದ್ದಿನಲ್ಲಿ ಕೇಳಿಸುವುದೂ ಇಲ್ಲ. ಅದಕ್ಕೇ ತಮಟೆಯ ಕಾಲದಿಂದಲೂ ಒಂದು ಕಟ್ಟಳೆ ಇತ್ತು. ಸದ್ದು ನಡೆದರೆ ಗಾಡಿ ನಡೆಯಬೇಕು. ಸದ್ದು ನಿಂತರೆ ಗಾಡಿ ನಿಲ್ಲಬೇಕು. ಕುಣಿಯುವವರ ಕಾಲು ಮತ್ತು ಅವರ ಹಿಂದಿನ ಚಕ್ರ, ಎರಡೂ ಒಟ್ಟಿಗೆ ಕಾಣುವುದು ಎತ್ತರದಲ್ಲಿ ನಿಂತ ಡಿಜೆ ಒಬ್ಬನಿಗೆ. ಮೆರವಣಿಗೆಯ ಬ್ರೇಕು ಅವನ ಕೈಯಲ್ಲಿ.

ಇದನ್ನು ಯಾರೂ ಪುಟ್ಟಮಾದನಿಗೆ ಹೇಳಿಕೊಡಬೇಕಾಗಿರಲಿಲ್ಲ. ತಮಟೆಯವನ ಮಗ. ಅವನಿಗೆ ಗೊತ್ತಿತ್ತು.

ಮೆರವಣಿಗೆ ಹೊರಟಿತು. ಮೊದಲ ಹಾಡು ಸರಿಯಾಗಿ ನಡೆಯಿತು. ಎರಡನೆಯದನ್ನು ಜೋಡಿಸುವಾಗ ಎಡವಟ್ಟಾಯಿತು. ಜನರೇಟರಿನ ಗದ್ದಲದಲ್ಲಿ ಹೆಡ್‌ಫೋನಿನೊಳಗಿನ ಹಾಡು ಅವನಿಗೆ ಕೇಳಿಸಲೇ ಇಲ್ಲ. ಎರಡು ಹಾಡುಗಳ ಏಟು ಒಂದರ ಮೇಲೊಂದು ಬಿದ್ದವು. ಕುಣಿಯುವವರ ಕಾಲಿಗೆ ಕಾಲು ಸಿಕ್ಕಿಕೊಂಡಿತು. ಗಾಬರಿಯಲ್ಲಿ ತಪ್ಪು ಗುಂಡಿ ಒತ್ತಿದ, ಸದ್ದು ನಿಂತಿತು. ಸದ್ದು ನಿಂತಿತೆಂದು ಟ್ರ್ಯಾಕ್ಟರೂ ನಿಂತಿತು. ಮತ್ತೆ ಹಾಕಿದ, ಮತ್ತೆ ಕೂಡಲಿಲ್ಲ, ಮತ್ತೆ ನಿಂತಿತು.

"ಲೇ ಮಾದ, ಇದೇನು ಮೆರವಣಿಗೆನೋ ಟೌನ್ ಬಸ್ಸೋ? ಸ್ಟಾಪಿಗೊಂದ್ ಸಲ ನಿಲ್ಲಿಸ್ತಿದ್ದೀಯ."

"ನಿಮ್ಮಪ್ಪನ ತಮಟೆ ಮನೇಲಿ ಐತೇನ್ಲಾ? ಹೋಗಿ ತತ್ತಾ, ಅದೇ ಎಷ್ಟೋ ವಾಸಿ."

ಒಬ್ಬ ನೀರಿನ ಪ್ಯಾಕೆಟ್ಟು ಎಸೆದ. ಅದು ಲ್ಯಾಪ್‌ಟಾಪಿನ ಪಕ್ಕ ಬಿದ್ದು ಒಡೆಯಿತು. ಪುಟ್ಟಮಾದ ಅಂಗಿಯಿಂದ ಒರೆಸಿದ. ಆದರೆ ಒಂದು ಕೆಲಸ ಅವನು ಬಿಡಲಿಲ್ಲ. ಕಣ್ಣು ಮಾತ್ರ ಕುಣಿಯುವವರ ಕಾಲ ಮೇಲೇ ಇತ್ತು.

ಹೀಗೆ ನೋಡುತ್ತಿರುವಾಗ ಒಬ್ಬ ಜಾರಿ ಬಿದ್ದ. ಬಿದ್ದವನು ಕೆಂಪರಾಜು, ಪುಟ್ಟಮಾದನ ಅಕ್ಕ ರತ್ನಿಯ ಗಂಡ. ಗಾರೆ ಕೆಲಸದವನು. ಸಾರವೆ ಹತ್ತಿ ಇಳಿಯುವ ಕಾಲು, ಬೀದಿಯಲ್ಲೆಲ್ಲ ಅವನಷ್ಟು ಚೆನ್ನಾಗಿ ಕುಣಿಯುವವರಿರಲಿಲ್ಲ. ಒದ್ದೆ ಹೂವಿನ ಮೇಲೆ ಕಾಲಿಟ್ಟು ಟ್ರ್ಯಾಕ್ಟರಿನ ಚಕ್ರದ ಮುಂದೆಯೇ ಅಂಗಾತ ಬಿದ್ದಿದ್ದ. ಪುಟ್ಟಮಾದನ ಕೈ ತಾನಾಗಿ ಹೋಗಿ ಸದ್ದನ್ನು ಪೂರ್ತಿ ಇಳಿಸಿತು. ಟ್ರ್ಯಾಕ್ಟರ್ ನಿಂತಿತು. ಕೆಂಪರಾಜು ಎದ್ದು ಪಂಚೆ ಕೊಡವಿಕೊಂಡ.

ಬಿದ್ದದ್ದನ್ನು ಬೇರೆ ಯಾರೂ ನೋಡಿರಲಿಲ್ಲ. ಅವರಿಗೆ ಕೇಳಿಸಿದ್ದು ಒಂದೇ, ಹಾಡು ಮತ್ತೆ ನಿಂತಿತು. ಇಷ್ಟು ಹೊತ್ತು ನಗುತ್ತಿದ್ದವರು ಈಗ ರೇಗಿದರು. ಇಬ್ಬರು ಗಾಡಿ ಹತ್ತಿ ಪುಟ್ಟಮಾದನ ರಟ್ಟೆ ಹಿಡಿದು ಕೆಳಗಿಳಿಸಿದರು. ಕೆಂಪರಾಜು ಹಿಂದಿನಿಂದ ಕೂಗಿದ್ದು ಯಾರ ಕಿವಿಗೂ ಬೀಳಲಿಲ್ಲ. ಯಾರದೋ ಮೊಬೈಲನ್ನು ಬಾಕ್ಸಿಗೆ ಸಿಕ್ಕಿಸಿದರು. ಹಾಡು ಶುರುವಾಯಿತು. ಜನ ಶಿಳ್ಳೆ ಹೊಡೆದು ಕುಣಿದರು. ಅವನು ಹೆಡ್‌ಫೋನನ್ನು ಕೈಯಲ್ಲಿ ಹಿಡಿದು ಚರಂಡಿಯ ಪಕ್ಕ ನಿಂತಿದ್ದ. ಅವನ ಮುಂದೆಯೇ ಅವನ ಮೆರವಣಿಗೆ ಹೋಯಿತು.

ಮಾರನೆಯ ದಿನ ಅವನನ್ನು ಕೆಳಗಿಳಿಸುವ ವಿಡಿಯೋ ಬೀದಿಯ ಗುಂಪಿನಲ್ಲಿ ಓಡಾಡಿತು. 'ಸ್ಟಾಪ್ ಮಾದ' ಎಂದು ಹೆಸರಿಟ್ಟರು. ಅದೇ ಗುಂಪಿನಲ್ಲಿ, ಆ ವಿಡಿಯೋದ ಕೆಳಗೇ, ಸೂರ್ಯ ಹುಟ್ಟುವ ಚಿತ್ರದ ಮೇಲೆ ಬರೆದ ಒಂದು ಮಾತೂ ಬಂತು: ಸೋಲೇ ಗೆಲುವಿನ ಮೆಟ್ಟಿಲು. ವಿಡಿಯೋ ಹಾಕಿದವನೇ ಅದನ್ನೂ ಹಾಕಿದ್ದ. ಒಬ್ಬನನ್ನು ಬೀದಿಯಲ್ಲಿ ತುಳಿದು, ಬೆಳಗಾಗೆದ್ದು ಅವನಿಗೆ ಸುವಿಚಾರ ಕಳಿಸುವ ಜನ ಎಲ್ಲ ಊರಿನಲ್ಲೂ ಇದ್ದಾರೆ. ಅವರಿಗೆ ಇದರಿಂದ ಏನೂ ನಷ್ಟವಿಲ್ಲ.

ಕೆಂಪರಾಜು ಮನೆಗೆ ಬಂದ. ಪುಟ್ಟಮಾದ ಗೋಡೆ ಕಡೆ ತಿರುಗಿ ಮಲಗಿದ್ದ.

"ಏಳ್ಲಾ ಭಾಮೈದ. ಸತ್ತೋರ ಮನೆ ಥರ ಮಾಡ್ಕೊಂಡು ಮಲಗವ್ನೆ."

"ಸುಮ್ನೆ ಹೋಗಿ ಭಾವ."

"ಹೋಗ್ತೀನಿ. ಒಂದ್ ಮಾತು ಕೇಳು. ಹಾಡು ಜೋಡಿಸಿದ್ದು ಕೆಟ್ಟದಾಗಿತ್ತು. ಅದು ಸುಳ್ಳಲ್ಲ. ಕಾಲು ಎಲ್ಲಿಡಬೇಕು ಅಂತ ನನಗೇ ಗೊತ್ತಾಗ್ಲಿಲ್ಲ. ಆದ್ರೆ ಕೊನೇಲಿ ನಿಲ್ಲಿಸಿದ್ಯಲ್ಲ, ಅದು ಸರಿಯಾಗಿತ್ತು. ನೀನು ನಿಲ್ಲಿಸ್ದೆ ಇದ್ದಿದ್ರೆ ನಿಮ್ಮಕ್ಕ ಇವತ್ತು ಆಸ್ಪತ್ರೆ ಬಾಗಿಲಲ್ಲಿ ಇರ್ತಿದ್ಲು."

"ಸಮಾಧಾನ ಮಾಡಕ್ಕೆ ಬರಬೇಡಿ."

"ಸಮಾಧಾನ ಅಲ್ಲ ಕಣ್ಲಾ. ನಾವು ಮೋಲ್ಡ್ ಹಾಕ್ತಿರೋ ಕಟ್ಟಡಕ್ಕೆ ಬಾ. ಅಲ್ಲಿ ಕಾಂಕ್ರೀಟ್ ಮಿಕ್ಸರ್ ತಿರುಗ್ತಾ ಇರುತ್ತೆ, ಪಕ್ಕದಲ್ಲಿರೋನ ಕೆಮ್ಮು ಕೇಳಲ್ಲ. ಅದರ ಪಕ್ಕ ಕೂತು ಹಾಡು ಜೋಡಿಸೋದು ಕಲಿ. ಅಲ್ಲಿ ಕೂಡಿದ್ರೆ ಎಲ್ಲಿ ಬೇಕಾದ್ರೂ ಕೂಡುತ್ತೆ."

"ಸಿಮೆಂಟ್ ಹೊರೋರ ಮಧ್ಯ ಕೂತ್ಕೊಂಡು ಡಿಜೆ ಮಾಡ್ಲಾ? ಈಗ ನಕ್ಕಿರೋದು ಸಾಲದಾ?"

ಕೆಂಪರಾಜು ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡ. "ಸಿಮೆಂಟ್ ಹೊರೋರು ನಗಲ್ಲ ಕಣಪ್ಪ. ಪುರುಸೊತ್ತಿರಲ್ಲ" ಎಂದು ಹೇಳಿ ಹೋದ.

ಅದೇ ವಾರ ಪುಟ್ಟಮಾದನನ್ನು ನಂಜುಂಡ ಕರೆಸಿದ. ಬಾಕ್ಸು, ಗಾಡಿ, ಜನರೇಟರು ಬಾಡಿಗೆಗೆ ಕೊಡುವ ಮಾಲೀಕ ಅವನು. ಎದುರಿಗೆ ಕೂರಿಸಿಕೊಂಡು ಒಂದು ಪೆನ್‌ಡ್ರೈವ್ ಕೊಟ್ಟ.

"ಇದರಲ್ಲಿ ಯಾರೋ ಪಳಗಿದವನು ಜೋಡಿಸಿಟ್ಟ ಹಾಡುಗಳಿವೆ. ಶುರುವಿಂದ ಕೊನೇವರೆಗೆ ಒಂದೇ ಸಮನೆ ಓಡುತ್ತೆ. ಪೇಟೆಬೀದಿ ಗಣಪತಿಗೆ ಬೇರೆ ಹುಡುಗ ಸಿಕ್ಕಿಲ್ಲ, ನೀನೇ ನಿಂತ್ಕೊ. ಇದನ್ನ ಹಾಕು, ಕಪ್ಪು ಕನ್ನಡಕ ಹಾಕ್ಕೊ, ಕೈ ಎತ್ತು, ತಲೆ ಆಡಿಸು. ಬೇರೇನೂ ಮುಟ್ಟಬೇಡ."

"ಮಧ್ಯದಲ್ಲಿ ನಿಲ್ಲಿಸಬೇಕಾಗಿ ಬಂದ್ರೆ ಅಣ್ಣ?"

ನಂಜುಂಡ ನಕ್ಕ. "ನಿಲ್ಲಿಸಿ ನಿಲ್ಲಿಸಿ ನೀನು ಏನಾದೆ ಅಂತ ಊರೆಲ್ಲ ನೋಡಿದೆ. ಇನ್ನೂ ನಿಲ್ಲಿಸೋ ಮಾತೇ ಆಡ್ತೀಯಲ್ಲೋ."

ಪುಟ್ಟಮಾದನಿಗೆ ಎರಡು ದಾರಿ ಇದ್ದವು. ಒಂದು ಕಾಂಕ್ರೀಟ್ ಮಿಕ್ಸರಿನ ಪಕ್ಕ ಹೋಗುತ್ತಿತ್ತು. ಇನ್ನೊಂದು ಅಂಗೈಯಲ್ಲಿತ್ತು. ಅವನು ಅಂಗೈ ಮುಚ್ಚಿದ.

ಪೇಟೆಬೀದಿಯ ಮೆರವಣಿಗೆ ಸಂಜೆ ಹೊರಟಿತು. ಇಂಥ ಮೆರವಣಿಗೆಯನ್ನು ಆ ಪೇಟೆ ನೋಡಿರಲಿಲ್ಲ. ಹಾಡಿಗೆ ಹಾಡು ಎಣ್ಣೆ ಹುಯ್ದಂತೆ ಕೂಡುತ್ತಿತ್ತು. ಪುಟ್ಟಮಾದ ಕೈ ಎತ್ತಿದರೆ ಸಾವಿರ ಕೈ ಏಳುತ್ತಿತ್ತು. ನೀರಿನ ಪ್ಯಾಕೆಟ್ಟು ಎಸೆದವನೇ ಈಗ ಹೂವು ಎಸೆದ. ಸ್ಟಾಪ್ ಮಾದ ಎಂದವರೇ ಡಿಜೆ ಮಾದ, ಡಿಜೆ ಮಾದ ಎಂದು ಕೂಗಿದರು. ನೂರಾರು ಮೊಬೈಲುಗಳು ಅವನ ಕಡೆ ತಿರುಗಿದವು. ಅವನು ಒಂದೊಂದು ಮೊಬೈಲಿಗೂ ಮುಖ ಕೊಟ್ಟ. ತಾನು ಮಾಡದ ಕೆಲಸಕ್ಕೆ ಬಂದ ಚಪ್ಪಾಳೆ ಅದು. ಆದರೂ ಸಿಹಿಯಾಗಿತ್ತು. ಕದ್ದ ಬೆಲ್ಲವೂ ಸಿಹಿಯೇ.

ಕೆಂಪರಾಜುವೂ ಬಂದಿದ್ದ. ಅದು ಅವನ ಬೀದಿಯಲ್ಲ. ಭಾಮೈದ ಗೆಲ್ಲಲಿ ಎಂದು ಬಂದವನು ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಹಿಂದೆ, ಚಕ್ರಕ್ಕೆ ಬೆನ್ನು ಕೊಟ್ಟು ಕುಣಿಯುತ್ತಿದ್ದ. ಒಂದು ಸಲ ತನ್ನನ್ನು ಉಳಿಸಿದ ಕೈ ಮೇಲೆ ಇದೆ ಎಂಬ ಧೈರ್ಯ ಅವನಿಗೆ.

ತೇರುಪೇಟೆಯ ತಿರುವಿನಲ್ಲಿ ಅವನ ಕಾಲು ಜಾರಿತು.

ಹತ್ತಿರದವರು ಚೀರಿದರು. ಹೆಂಗಸರು ಎರಡೂ ಕೈ ಎತ್ತಿ ನಿಲ್ಲಿಸಿ, ನಿಲ್ಲಿಸಿ ಎಂದು ಕೂಗಿದರು. ಪುಟ್ಟಮಾದನಿಗೆ ಎತ್ತಿದ ಕೈಗಳು ಕಂಡವು, ತೆರೆದ ಬಾಯಿಗಳು ಕಂಡವು. ಜನ ತನಗಾಗಿ ಹುಚ್ಚೆದ್ದಿದ್ದಾರೆ ಎಂದುಕೊಂಡ. ಅವನೂ ಕೈ ಎತ್ತಿದ. ಇನ್ನೂ ಮೇಲೆ ಎತ್ತಿದ. ಹಾಡು ನಡೆಯುತ್ತಲೇ ಇತ್ತು. ಹಾಡು ನಡೆಯುತ್ತಿತ್ತೆಂದು ಟ್ರ್ಯಾಕ್ಟರ್ ಕೂಡ ನಡೆಯಿತು.

ಯಾರೋ ಓಡಿಹೋಗಿ ಜನರೇಟರಿನ ವೈರು ಕಿತ್ತರು. ಆಗ ಸದ್ದು ನಿಂತಿತು. ಆ ಮೌನದಲ್ಲಿ ಎಲ್ಲರಿಗೂ ಕೇಳಿಸಿದ್ದು ಕೆಂಪರಾಜುವಿನ ಕೂಗು.

ಆಸ್ಪತ್ರೆಯಲ್ಲಿ ಅವನ ಬಲಗಾಲನ್ನು ಮಂಡಿಯ ಕೆಳಗೆ ಕತ್ತರಿಸಿದರು.

ಗಣಪತಿಯನ್ನು ಬೇರೆ ರಸ್ತೆಯಲ್ಲಿ ಸುತ್ತಿಸಿ ತಂದು ಆ ದಿನವೇ ಕೆರೆಗೆ ಬಿಟ್ಟರು. ಮುಹೂರ್ತ ಮೀರಬಾರದಲ್ಲ. ನಂಜುಂಡನನ್ನು ಕೇಳಿದರೆ, "ಗಾಡಿ ನಂದು. ಮೇಲೆ ನಿಂತೋನು ನಾನಲ್ಲ" ಎಂದ. ಕೇಳಿದವರು ಸರಿ ಎಂದು ತಲೆ ಆಡಿಸಿದರು. ಡಿಜೆ ಮಾದ ಎಂದು ಕೂಗಿದ ಜನ, ಅವರು ಯಾರು, ಎಲ್ಲಿ ಹೋದರು? ಮರುದಿನ ಅವರ ಮೊಬೈಲುಗಳಿಂದ ಆ ವಿಡಿಯೋಗಳೆಲ್ಲ ಅಳಿಸಿಹೋಗಿದ್ದವು. ಗುಂಪಿನಲ್ಲಿ ಮತ್ತೆ ಸೂರ್ಯ ಹುಟ್ಟಿದ.

ಪುಟ್ಟಮಾದ ಆಸ್ಪತ್ರೆಗೆ ಹೋದ. ರತ್ನಿ ಬಾಗಿಲಲ್ಲೇ ಕೂತಿದ್ದಳು. ತಮ್ಮನನ್ನು ನೋಡಿ ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿದಳು. ಅವನು ಮಂಚದ ಹತ್ತಿರ ಹೋಗಿ ನಿಂತ. ಕೆಂಪರಾಜು ಅವನ ಕಡೆ ತಿರುಗಿದ.

"ಒಂದ್ ಮಾತು ಕೇಳ್ತೀನಿ, ನಿಜ ಹೇಳು. ನಾನು ಬಿದ್ದಾಗ ನೀನು ಎಲ್ಲಿ ನೋಡ್ತಿದ್ದೆ?"

"ಮೊಬೈಲ್ ನೋಡ್ತಿದ್ದೆ ಭಾವ. ವಿಡಿಯೋ ಮಾಡ್ತಿದ್ರು."

"ಹೋದ ಸಲ?"

ಪುಟ್ಟಮಾದ ತಲೆ ತಗ್ಗಿಸಿದ. "ನಿಮ್ಮನ್ನ ನೋಡ್ತಿದ್ದೆ."

ಕೆಂಪರಾಜು ಮುಖ ಆ ಕಡೆ ತಿರುಗಿಸಿದ. "ಹೋದ ಸಲ ನೀನು ಡಿಜೆ ಆಗಿದ್ದೆ ಕಣ್ಲಾ" ಎಂದ.

ಈಗಲೂ ಆ ಪೇಟೆಗೆ ಹೋದರೆ, ಹಗಲು ಹೊತ್ತಿನಲ್ಲಿ, ಕಟ್ಟುತ್ತಿರುವ ಯಾವುದಾದರೂ ಮನೆಯ ಮುಂದೆ ಕಾಂಕ್ರೀಟ್ ಮಿಕ್ಸರಿನ ಪಕ್ಕ ಒಬ್ಬ ಹೆಡ್‌ಫೋನ್ ಹಾಕಿಕೊಂಡು ಕೂತಿರುವುದು ಕಾಣುತ್ತದೆ. ಬೆಳಗ್ಗೆ ಭಾವನ ಬದಲು ಸಿಮೆಂಟ್ ಹೊತ್ತು ಅಕ್ಕನ ಮನೆಗೆ ಅಕ್ಕಿ ಹಾಕುತ್ತಾನೆ, ಊಟದ ಹೊತ್ತಿನಲ್ಲಿ ಹಾಡು ಜೋಡಿಸುತ್ತಾನೆ. ಈಗ ಹಾಡುಗಳು ಕೂಡುತ್ತವೆ. ಅವನನ್ನು ಯಾರೂ ಮೆರವಣಿಗೆಗೆ ಕರೆಯುವುದಿಲ್ಲ. ಅವನು ಕೇಳುವುದೂ ಇಲ್ಲ. ಭಾವ ಹೇಳಿದ್ದು ನಿಜ. ಅಲ್ಲಿ ಯಾರೂ ನಗುವುದಿಲ್ಲ. ಈ ಜಾಗಕ್ಕೆ ಎರಡು ಕಾಲಿನ ಭಾವ ಕರೆದಾಗಲೇ ಬರಬಹುದಿತ್ತು.

ನೀತಿ: ಮೊದಲ ಸಲ ಸೋತರೆ ನಾಚಿಕೆಯಾಗುತ್ತದೆ. ಆಗಲಿ. ನಾಚಿಕೆಯಿಂದ ಯಾರೂ ಸತ್ತಿಲ್ಲ. ಸೋಲೇ ಮೆಟ್ಟಿಲು ಎಂದು ಹೇಳುವವರನ್ನು ನಂಬಬೇಡಿ, ಸೋಲು ತಾನಾಗಿ ಯಾರನ್ನೂ ಮೇಲೆ ಹತ್ತಿಸುವುದಿಲ್ಲ. ಅದನ್ನು ಮೊರಕ್ಕೆ ಹಾಕಿ ಕೇರಬೇಕು. ಜೊಳ್ಳು ಹಾರಿಹೋಗಲಿ, ಅದರಲ್ಲಿದ್ದ ನಾಲ್ಕು ಕಾಳು ಉಳಿಯಲಿ. ನಗುವ ಜನ ಕೇರುವುದಿಲ್ಲ, ಮೊರವನ್ನೇ ಬೀದಿಗೆ ಸುರಿಯುತ್ತಾರೆ. ಅವರಿಗೆ ಹೆದರಿ ನಿಮ್ಮ ಕಾಳನ್ನು ನೀವೇ ಎಸೆಯಬೇಡಿ. ಮತ್ತು ಸೋಲನ್ನು ಮುಚ್ಚಲು ಇನ್ನೊಬ್ಬನ ಗೆಲುವನ್ನು ಹೊದ್ದುಕೊಳ್ಳಬೇಡಿ. ಸೋತ ಪುಟ್ಟಮಾದ ಒಂದು ಕಾಲು ಉಳಿಸಿದ. ಗೆದ್ದ ಪುಟ್ಟಮಾದ ಅದೇ ಕಾಲು ತೆಗೆದ.