ಹಗೇವಿನ ಮೇಲೆ ಹತ್ತಿ

"ಗುರುಗಳೇ, ಕೆಲಸವನ್ನು ತಡೆಯದ ಎಚ್ಚರಿಕೆಯಿಂದ ಏನು ಉಪಯೋಗ?" ಎಂದು ಶಿಷ್ಯ ಕೇಳಿದ.

ಅವನು ಸಿಟ್ಟಿನಲ್ಲಿದ್ದ. ಹಳ್ಳಿಗರ ಹಾಡುಗಳ ಧ್ವನಿಮುದ್ರಣಗಳನ್ನು ಕಾಪಾಡುವ ಒಂದು ಸಂಸ್ಥೆಯಲ್ಲಿ ಅವನೂ ಫಕೀರೇಶ ಎಂಬ ಸಹೋದ್ಯೋಗಿಯೂ ಯುನಿಕ್ಸ್ ಸರ್ವರ್ ನೋಡಿಕೊಳ್ಳುತ್ತಿದ್ದರು. ಹೊಸ ಡಿಸ್ಕ್ ಬಂದಾಗ ಅದನ್ನು ಹಾಡುಗಳ ಡೈರೆಕ್ಟರಿಯ ಮೇಲೆ ಶಿಷ್ಯನೇ ಮೌಂಟ್ ಮಾಡಿದ್ದ, ಅಂದರೆ ತಂದು ಕೂರಿಸಿದ್ದ. 'ಈ ಡೈರೆಕ್ಟರಿ ಖಾಲಿ ಇಲ್ಲ, ಆದರೂ ಮೌಂಟ್ ಮಾಡುತ್ತಿದ್ದೇನೆ' ಎಂದು ಯಂತ್ರ ಒಂದು ಸಾಲು ಬರೆದು, ಹೇಳಿದ ಕೆಲಸ ಮುಗಿಸಿತ್ತು. ತಪ್ಪಿದ್ದರೆ ನಿಲ್ಲಬೇಕು, ಇಲ್ಲದಿದ್ದರೆ ಸುಮ್ಮನಿರಬೇಕು, ಎರಡೂ ಅಲ್ಲದ ಈ ಗೊಣಗಾಟ ಯಾಕೆ ಎಂದು ಶಿಷ್ಯ ರೇಗಿದ. ಅಂಥ ಸಾಲುಗಳು ಇನ್ನು ಕಣ್ಣಿಗೆ ಬೀಳದಂತೆಯೂ ಮಾಡಿಟ್ಟಿದ್ದ.

ಸಿಟ್ಟಿಗೆ ಇನ್ನೊಂದು ಕಾರಣವಿತ್ತು. ಡೈರೆಕ್ಟರಿಯಲ್ಲಿ ಈಗ ಒಂದು ಹಾಡೂ ಕಾಣುತ್ತಿರಲಿಲ್ಲ. ಅಳಿಸಿದವನು ಫಕೀರೇಶನೇ ಎಂದು ಶಿಷ್ಯ ಮೇಲಿನವರಿಗೆ ಹೇಳಿದ್ದ. ಅವರು ಫಕೀರೇಶನನ್ನು ಕೆಲಸದಿಂದ ತೆಗೆದಿದ್ದರು. ಸಂಜೆಯ ಬಸ್ಸಿಗೆ ಅವನು ಊರು ಬಿಡುವವನಿದ್ದ.

ಗುರು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿಯ ಹಿತ್ತಲಿನಲ್ಲಿ ಒಂದು ಹಗೇವು ಇತ್ತು. ನೆಲದೊಳಗಿನ ಆ ಕಣಜಕ್ಕೆ ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿ, ಮೇಲೆ ಮಣ್ಣು ಹರಡಿದ್ದರು. ನೋಡುವವರಿಗೆ ಅದು ಬರೀ ನೆಲ. ಜೋಳ ಇದೆ ಎಂಬುದು ವ್ಯಾಪಾರಿಗೆ ನೆನಪಿತ್ತು, ಎಲ್ಲಿದೆ ಎಂಬುದು ಮರೆತಿತ್ತು.

ಒಂದು ದಿನ ಹತ್ತಿಯ ಮೂಟೆಗಳು ಬಂದವು. ಇವನ್ನು ಹಿತ್ತಲಿನಲ್ಲಿ ಒಟ್ಟು ಎಂದು ವ್ಯಾಪಾರಿ ತನ್ನ ಕಾವಲುಗಾರನಿಗೆ ಜಾಗ ತೋರಿಸಿದ.

"ಧಣೀರ, ಇದರ ಕೆಳಗ ಹಗೇವು ಐತ್ರಿ. ಆದರೂ ಒಟ್ಟತೀನ್ರಿ," ಎಂದ ಕಾವಲುಗಾರ. ಹಗೇವಿನ ಮೇಲೆ ಬೇಕೆಂದೇ ಒಟ್ಟಿಸುವ ಧಣಿಗಳೂ ಇದ್ದಾರೆ. ಈ ಧಣಿಯ ಮನಸ್ಸಿನಲ್ಲಿ ಏನಿದೆಯೋ ಅವನಿಗೆ ತಿಳಿಯದು.

"ಒಟ್ಟೂದಾದ್ರ ಒಟ್ಟು, ಇಲ್ಲಾಂದ್ರ ಬಿಡು. ನಡುವ ನಿನ್ನ ಪುರಾಣ ಯಾಂವ ಕೇಳ್ಯಾನ?" ಎಂದ ವ್ಯಾಪಾರಿ. ಇನ್ನು ಕೇಳದೆ ಬಾಯಿ ತೆರೆಯಕೂಡದು ಎಂದೂ ಅಪ್ಪಣೆ ಮಾಡಿದ. ಕಾವಲುಗಾರ ಮೂಟೆಗಳನ್ನು ಒಟ್ಟಿದ.

ಮಗಳ ಮದುವೆ ಬಂತು. ಜೋಳ ಬೇಕಾಯಿತು. ವ್ಯಾಪಾರಿ ಹಿತ್ತಲನ್ನೆಲ್ಲ ಅಗೆಸಿದ, ಹತ್ತಿ ಇದ್ದ ಜಾಗವೊಂದನ್ನು ಬಿಟ್ಟು. ಅಲ್ಲಿ ಇದ್ದದ್ದು ಹತ್ತಿ ಎಂಬುದು ಕಣ್ಣಿಗೇ ಕಾಣುತ್ತಿತ್ತಲ್ಲ. ಯಾರೋ ಜೋಳ ಕದ್ದು, ಗುಂಡಿಗೆ ಮಣ್ಣು ತುಂಬಿ ನೆಲ ಸಮ ಮಾಡಿದ್ದಾರೆ ಎಂದು ಅವನು ತೀರ್ಮಾನಿಸಿದ.

ಹಗೇವಿನ ಮಾತು ಎತ್ತಿದ್ದವನು ಒಬ್ಬನೇ. ಎತ್ತಿದ್ದು ವ್ಯಾಪಾರಿಗೆ ನೆನಪಿತ್ತು, ಹೇಳಿದ್ದೇನು ಎಂಬುದು ನೆನಪಿರಲಿಲ್ಲ. ಬಾಯಿ ತೆರೆಯಲು ಅಪ್ಪಣೆ ಇಲ್ಲದ ಕಾವಲುಗಾರ ಹತ್ತಿಯ ಕಡೆ ಕೈ ತೋರಿಸಿದ. ಕಳ್ಳನ ಕಣ್ಣು ಈಗ ಹತ್ತಿಯ ಮೇಲೂ ಬಿತ್ತು ಎಂದು ವ್ಯಾಪಾರಿಯ ಕೋಪ ನೆತ್ತಿಗೇರಿತು. ಅವನು ನ್ಯಾಯವಂತ, ವಿಚಾರಣೆಯಿಲ್ಲದೆ ಯಾರನ್ನೂ ಶಿಕ್ಷಿಸುವವನಲ್ಲ. ಮದುವೆಯ ಗಡಿಬಿಡಿ ಇದ್ದುದರಿಂದ ಶಿಕ್ಷೆಯನ್ನು ಮೊದಲು ಮುಗಿಸಿದ. ಕಾವಲುಗಾರನನ್ನು ಊರ ಮುಂದೆ ಕಳ್ಳನೆಂದು ಕರೆದು ಹೊರಗಟ್ಟಿದ.

ಬೆಲೆ ಏರಿದಾಗ ಹತ್ತಿ ಮಾರಾಟವಾಯಿತು. ಮೂಟೆಗಳನ್ನು ಎಳೆದ ರಭಸಕ್ಕೆ ಮಣ್ಣು ಸರಿದು ಹಾಸುಗಲ್ಲು ಕಂಡಿತು. ಅದರ ಕೆಳಗೆ ಜೋಳ ಇಟ್ಟ ಹಾಗೆಯೇ ಇತ್ತು. ವ್ಯಾಪಾರಿ ಕಾವಲುಗಾರನಿಗೆ ಹೇಳಿಕಳಿಸಿದ. ಕಳ್ಳನೆಂಬ ಹೆಸರು ಅವನಿಗಿಂತ ಮುಂಚೆ ಊರೂರು ಮುಟ್ಟಿತ್ತು, ಯಾವ ಊರೂ ಅವನನ್ನು ಇಟ್ಟುಕೊಂಡಿರಲಿಲ್ಲ. ಜೋಳ ಸಿಕ್ಕಿತು, ಮನುಷ್ಯ ಸಿಗಲಿಲ್ಲ.

ಗುರು ಕತೆ ಮುಗಿಸಿದರು. ಶಿಷ್ಯನ ಸಿಟ್ಟು ಇಳಿದಿರಲಿಲ್ಲ.

"ತಪ್ಪು ಕಾವಲುಗಾರನದೇ. ಗೊತ್ತಿದ್ದ ಮೇಲೆ ಅವನು ಮೂಟೆ ಮುಟ್ಟಲೇಬಾರದಿತ್ತು," ಎಂದ.

ಗುರು ಗಡಿಯಾರ ನೋಡಿದರು.

"ಫಕೀರೇಶನ ಬಸ್ಸು ಹೊರಡುವುದರೊಳಗೆ ಹೋಗಿ, ನಿನ್ನ ಹತ್ತಿಯನ್ನು ತೆಗೆ."